ಹ್ಯಾಂಡಿಕ್ಯಾಪ್ ನ್ಯಾಯ: ಪೂಲ್ ಮೇಜಿನಿಂದ ನಮ್ಮ ಕಾರ್ಖಾನೆಯವರೆಗೆ

ವಾಣಿಜ್ಯೋದ್ಯಮಿಗಳ ಮಾಸಪತ್ರಿಕೆಯಲ್ಲಿ ಪೂಲ್ ಆಟದ ಕುರಿತು ಲೇಖನವೇಕೆ ಎಂದು ಸದಸ್ಯ ಬಂಧುಗಳಿಗೆ ಆಶ್ಚರ್ಯವಾಗಬಹುದು. ತೆರಿಗೆ, ಲೆಕ್ಕಪರಿಶೋಧನೆ, ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕ ಇವುಗಳ ಬಗೆಗಷ್ಟೇ ಬರೆಯುವುದು ನನ್ನ ರೂಢಿ. ಆದರೆ ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಸಂಜೆ ನಾನು ಕಂಡ ಸಂಗತಿಯು, ಸಣ್ಣ ಉದ್ದಿಮೆಗಳಿಗೆ ನೀಡಲಾಗುವ ರಿಯಾಯಿತಿಗಳ ಕುರಿತು ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಇದ್ದ ಒಂದು ಪ್ರಶ್ನೆಯನ್ನು ಮತ್ತೆ ಕೆದಕಿತು. ಆದುದರಿಂದ ಈ ಬರಹ.

ಅಳಿಯಂದಿರು ಪ್ರತಿ ವಾರ ಒಂದು ಸಂಜೆ ಸ್ಥಳೀಯ ಪೂಲ್ ಲೀಗ್‌ನಲ್ಲಿ ಆಡುತ್ತಾರೆ. ಪೂಲ್ ಎಂಬುದು ನಮ್ಮಲ್ಲಿ ಪರಿಚಿತವಾದ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಆಟಗಳ ಸೋದರ ಸಂಬಂಧಿ. ಬೆಂಗಳೂರಿನ ಪಂಕಜ್ ಅಡ್ವಾಣಿಯವರ ವಿಶ್ವ ಪ್ರಶಸ್ತಿಗಳಿಂದಾಗಿ ಆ ಎರಡು ಆಟಗಳ ಹೆಸರು ಕನ್ನಡಿಗರಿಗೆ ಹೊಸದಲ್ಲ. ಪೂಲ್ ಮೇಜು ಸ್ನೂಕರ್ ಮೇಜಿಗಿಂತ ಚಿಕ್ಕದು. ಎಂಟರ ಚೆಂಡಿನ ಆಟದಲ್ಲಿ ಒಬ್ಬನಿಗೆ ಪೂರ್ಣ ಬಣ್ಣದ 7 ಚೆಂಡುಗಳು, ಇನ್ನೊಬ್ಬನಿಗೆ ಪಟ್ಟೆಯಿರುವ 7 ಚೆಂಡುಗಳು. ತನ್ನ ಪಾಲಿನದನ್ನೆಲ್ಲ ಗುಳಿಗೆ ಕೆಡವಿ, ಕೊನೆಗೆ ಕಪ್ಪು ಬಣ್ಣದ ಎಂಟನೆಯ ಚೆಂಡನ್ನು ಕೆಡವಿದವನು ಗೆದ್ದಂತೆ.

ಅಂದು ಮೇಜಿನ ಬಳಿ ನಿಂತ ಇಬ್ಬರಲ್ಲಿ ಒಬ್ಬರು ಮೂವತ್ತು ವರ್ಷಗಳಿಂದ ಕೋಲು ಹಿಡಿದವರು. ಇನ್ನೊಬ್ಬರು ಕಳೆದ ಬೇಸಿಗೆಯಲ್ಲಿ ಆಟ ಕಲಿತ ಶಾಲಾ ಶಿಕ್ಷಕಿ. ಇದೆಂತಹ ಪಂದ್ಯ ಎಂದುಕೊಳ್ಳುತ್ತಿರುವಾಗ ಅಳಿಯಂದಿರು ವಿವರಿಸಿದರು: ಅನುಭವಿ ಆಟಗಾರ ಪಂದ್ಯ ಗೆಲ್ಲಬೇಕಾದರೆ 7 ಆಟಗಳನ್ನು ಗೆಲ್ಲಬೇಕು, ಶಿಕ್ಷಕಿ 2 ಆಟ ಗೆದ್ದರೆ ಸಾಕು. ಕೊನೆಗೆ ಶಿಕ್ಷಕಿಯೇ ಗೆದ್ದರು. ಸೋತವರು ನಗುತ್ತ ಕೈಕುಲುಕಿದರು. ಬಲಿಷ್ಠನಿಗೆ ಹೊರೆ ಹೊರಿಸಿ ದುರ್ಬಲನಿಗೆ ಮುನ್ನಡೆ ಕೊಡುವ ಈ ಕ್ರಮವೇ ಹ್ಯಾಂಡಿಕ್ಯಾಪ್.

ಲೀಗ್‌ನ ಲೆಕ್ಕದ ಪುಸ್ತಕ

ಟೆರ್ರಿ ಬೆಲ್ ಮತ್ತು ಲ್ಯಾರಿ ಹಬಾರ್ಟ್ ಎಂಬ ಇಬ್ಬರು ವೃತ್ತಿಪರ ಆಟಗಾರರು 1979ರಲ್ಲಿ ಆರಂಭಿಸಿದ ಸಂಸ್ಥೆಯೇ ಇಂದಿನ ಅಮೆರಿಕನ್ ಪೂಲ್ ಪ್ಲೇಯರ್ಸ್ ಅಸೋಸಿಯೇಷನ್. ಅದರ ಕೇಂದ್ರ ಕಚೇರಿ ಮಿಸ್ಸೌರಿಯ ಲೇಕ್ ಸೇಂಟ್ ಲೂಯಿಸ್‌ನಲ್ಲಿದೆ. ಈ ಸಂಸ್ಥೆಯು ತನ್ನ ಹ್ಯಾಂಡಿಕ್ಯಾಪ್ ಪದ್ಧತಿಯನ್ನು ಈಕ್ವಲೈಸರ್, ಅಂದರೆ ಸಮಗೊಳಿಸುವ ಸಾಧನ ಎಂದು ಕರೆಯುತ್ತದೆ. ಎಂಟರ ಚೆಂಡಿನ ಆಟದಲ್ಲಿ ಪ್ರತಿಯೊಬ್ಬ ಆಟಗಾರನಿಗೂ 2ರಿಂದ 7ರವರೆಗಿನ ಒಂದು ದರ್ಜೆ. ಒಂಬತ್ತರ ಚೆಂಡಿನ ಆಟದಲ್ಲಿ 1ರಿಂದ 9ರವರೆಗೆ. ಅಲ್ಲಿ ಒಂದನೆಯ ದರ್ಜೆಯವನು 14 ಅಂಕ ಗಳಿಸಿದರೆ ಗೆಲುವು, ಒಂಬತ್ತನೆಯ ದರ್ಜೆಯವನು 75 ಅಂಕ ಗಳಿಸಬೇಕು.

ನನಗೆ ಅಲ್ಲಿ ಹೆಚ್ಚು ಹಿಡಿಸಿದ್ದು ಆಟಕ್ಕಿಂತ ಲೆಕ್ಕದ ಹಾಳೆ. ಯಾರು ಗೆದ್ದರು ಎಂಬುದಷ್ಟೇ ಅಲ್ಲ, ಎಷ್ಟು ಸರದಿಗಳಲ್ಲಿ ಗೆದ್ದರು ಎಂಬುದನ್ನೂ ಬರೆದಿಡುತ್ತಾರೆ. ಕಡಮೆ ಸರದಿಗಳಲ್ಲಿ ಆಟ ಮುಗಿಸುವವನ ದರ್ಜೆ ಏರುತ್ತದೆ. ಚೆಂಡು ಕೆಡಹುವ ಉದ್ದೇಶವಿಲ್ಲದೆ ಎದುರಾಳಿಗೆ ಅಡ್ಡಿಯೊಡ್ಡಲು ಹೊಡೆದ ಹೊಡೆತವನ್ನು ಬೇರೆಯಾಗಿ ಗುರುತು ಹಾಕಿ ಲೆಕ್ಕದಿಂದ ಕಳೆಯುತ್ತಾರೆ. ಅಂದು ಎರಡೂ ತಂಡಗಳು ಪ್ರತ್ಯೇಕವಾಗಿ ಬರೆದುಕೊಂಡು ಕೊನೆಗೆ ತಾಳೆ ನೋಡಿದವು. ಸಾಲಗಾರನ ಪುಸ್ತಕಕ್ಕೂ ಧನಿಯ ಪುಸ್ತಕಕ್ಕೂ ಶಿಲ್ಕು ಹೊಂದಿಸುವ ನಮ್ಮ ಕೆಲಸಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇನ್ನೊಂದು ನಿಯಮವುಂಟು. ಒಂದು ಸಂಜೆ ತಂಡದ ಪರವಾಗಿ ಆಡುವ ಐವರ ದರ್ಜೆಗಳ ಮೊತ್ತ 23ನ್ನು ಮೀರುವಂತಿಲ್ಲ. 7, 6, 4, 3, 3 ಎಂದು ಆಡಿಸಬಹುದು; 5, 5, 5, 4, 4 ಎಂದೂ ಆಡಿಸಬಹುದು; ಐವರೂ ಪ್ರವೀಣರೇ ಆಗಿರಲು ಮಾತ್ರ ಸಾಧ್ಯವಿಲ್ಲ. ಹೀಗಾಗಿ ಪ್ರತಿ ತಂಡಕ್ಕೂ ಕಲಿಯುವವರು ಬೇಕೇ ಬೇಕು.

ಪದದ ಹುಟ್ಟು ಸಂತೆಯಲ್ಲಿ

ಹ್ಯಾಂಡಿಕ್ಯಾಪ್ ಎಂಬ ಪದವು ಹುಟ್ಟಿದ್ದು ಕ್ರೀಡಾಂಗಣದಲ್ಲಲ್ಲ, ವಸ್ತು ವಿನಿಮಯದಲ್ಲಿ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಟೋಪಿಯೊಳಗೆ ಕೈ ಎಂಬರ್ಥದ ಒಂದು ವಿನೋದವಿತ್ತು. ಸ್ಯಾಮ್ಯುಯೆಲ್ ಪೀಪ್ಸ್ 1660ರ ತನ್ನ ದಿನಚರಿಯಲ್ಲಿ ಅದನ್ನು ಪ್ರಸ್ತಾಪಿಸಿದ್ದಾನೆ. ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಬಯಸುತ್ತಾರೆ. ಮೂರನೆಯವನೊಬ್ಬ ಮಧ್ಯಸ್ಥನಾಗಿ, ಕಡಮೆ ಬೆಲೆಯ ವಸ್ತುವಿನ ಒಡೆಯನು ಮೇಲೆಷ್ಟು ಹಣ ಸೇರಿಸಿ ಕೊಡಬೇಕೆಂದು ಹೇಳುತ್ತಾನೆ. ಮೂವರೂ ಟೋಪಿಯಲ್ಲಿ ಪಣದ ಹಣ ಇಟ್ಟಿರುತ್ತಾರೆ. ವಿನಿಮಯಕ್ಕೆ ಇಬ್ಬರೂ ಒಪ್ಪಿದರೆ ಅಥವಾ ಇಬ್ಬರೂ ನಿರಾಕರಿಸಿದರೆ ಹಣ ಮಧ್ಯಸ್ಥನಿಗೆ. ಒಬ್ಬನೇ ಒಪ್ಪಿದರೆ ಆ ಹಣ ಅವನಿಗೆ.

ಇದರ ಸ್ವಾರಸ್ಯವನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಮಧ್ಯಸ್ಥನು ಒಬ್ಬನ ಕಡೆಗೆ ವಾಲಿದರೆ ಲಾಭವಾದವನು ಒಪ್ಪುತ್ತಾನೆ, ನಷ್ಟವಾದವನು ಒಪ್ಪುವುದಿಲ್ಲ, ಮಧ್ಯಸ್ಥನು ಬರಿಗೈಯಲ್ಲಿ ಏಳಬೇಕಾಗುತ್ತದೆ. ನ್ಯಾಯವಾಗಿ ತೂಗುವುದರಲ್ಲಿಯೇ ಅವನ ಆದಾಯವೂ ಅಡಗಿತ್ತು. ತೂಗುವವನಿಗೆ ಸರಿಯಾಗಿ ತೂಗುವ ಅಗತ್ಯವಿರಬೇಕು ಎಂಬುದು ಹ್ಯಾಂಡಿಕ್ಯಾಪಿನ ಮೊದಲ ತತ್ತ್ವವೆಂದು ನಾನು ಭಾವಿಸುತ್ತೇನೆ.

ಬಲಿಷ್ಠನ ಆಕ್ಷೇಪ

ಮೂವತ್ತು ವರ್ಷ ಅಭ್ಯಾಸ ಮಾಡಿದವನಿಗೆ ದಂಡ, ಮಾಡದವನಿಗೆ ಬಹುಮಾನವೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಾಡಿನಲ್ಲಿ ಯಾರು ಶ್ರೇಷ್ಠ ಆಟಗಾರ ಎಂದು ತಿಳಿಯುವುದೇ ಉದ್ದೇಶವಾಗಿದ್ದರೆ ಹ್ಯಾಂಡಿಕ್ಯಾಪ್ ಸಲ್ಲದು. ವಿಶ್ವ ಚಾಂಪಿಯನ್ ಪದವಿಯ ಪಂದ್ಯದಲ್ಲಿ ಯಾರಿಗೂ ಮುನ್ನಡೆ ಕೊಡುವುದಿಲ್ಲ.

ಆದರೆ ವಾರದ ಲೀಗ್‌ನ ಉದ್ದೇಶ ಬೇರೆ. ಮುಂದಿನ ವಾರವೂ ಆಟ ನಡೆಯಬೇಕು ಎಂಬುದೇ ಅದರ ಉದ್ದೇಶ. ಪ್ರತಿ ವಾರ ಸೋಲುವುದೇ ಖಚಿತವಾದರೆ ಶಿಕ್ಷಕಿಯು ಮೂರನೆಯ ವಾರ ಬರುವುದಿಲ್ಲ. ಅವರಂತಹವರು ಬಾರದಿದ್ದರೆ ಮೇಜಿನ ಬಾಡಿಗೆ ಹುಟ್ಟುವುದಿಲ್ಲ, ತಂಡ ಕೂಡುವುದಿಲ್ಲ, ಮೂವತ್ತು ವರ್ಷದ ಅನುಭವಿಗೆ ಎದುರಾಳಿಯೇ ಇರುವುದಿಲ್ಲ. ಮಾರುಕಟ್ಟೆಯಲ್ಲಿಯೂ ಹೀಗೆಯೇ. ಒಬ್ಬನೇ ಉಳಿದ ಪೇಟೆಯನ್ನು ಪೇಟೆ ಎನ್ನುವುದಿಲ್ಲ. ಆದುದರಿಂದ ಹ್ಯಾಂಡಿಕ್ಯಾಪ್ ಎಂಬುದು ದುರ್ಬಲನಿಗೆ ಹಾಕುವ ಭಿಕ್ಷೆಯಲ್ಲ. ಆಟ ಉಳಿಯಲೆಂದು ಎಲ್ಲರೂ ಸೇರಿ ಕಟ್ಟುವ ವಂತಿಗೆ.

ಅಳೆಯುವುದರಲ್ಲಿ ತಪ್ಪಿದರೆ

7ಕ್ಕೆ 2 ಎಂಬ ಪಂದ್ಯ ನಿಜವಾಗಿಯೂ ಸಮವೇ ಎಂದು ಅಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಬಲಿಷ್ಠನು ಪ್ರತಿ 5 ಆಟಗಳಲ್ಲಿ 4 ಗೆಲ್ಲುವವನಾಗಿದ್ದರೆ, ಇಂತಹ ನೂರು ಪಂದ್ಯಗಳಲ್ಲಿ ಇಬ್ಬರೂ ಸುಮಾರು 50ನ್ನು ಗೆಲ್ಲುತ್ತಾರೆ. ಅದು ಅಚ್ಚುಕಟ್ಟಾದ ಸಮತೂಕ. ಆದರೆ ಬಲಿಷ್ಠನು ಪ್ರತಿ 4ರಲ್ಲಿ 3 ಮಾತ್ರ ಗೆಲ್ಲುವವನಾದರೆ ಅವನಿಗೆ ಸಿಗುವುದು ನೂರರಲ್ಲಿ ಸುಮಾರು 37 ಪಂದ್ಯ. ಪ್ರತಿ 3ರಲ್ಲಿ 2 ಗೆಲ್ಲುವವನಾದರೆ ಸುಮಾರು 20. ಎದುರಾಳಿಯ ಬಲವನ್ನು ಅಳೆಯುವುದರಲ್ಲಿ ಸ್ವಲ್ಪ ತಪ್ಪಿದರೂ ಪಂದ್ಯವು ಎಷ್ಟು ಬೇಗ ಒಂದು ಕಡೆಗೆ ವಾಲುತ್ತದೆ ಎಂಬುದನ್ನು ಗಮನಿಸಬೇಕು.

ಈ ಸೂಕ್ಷ್ಮವನ್ನು ಅರಿತವರು ಅದನ್ನು ದುರುಪಯೋಗಪಡಿಸಿಕೊಳ್ಳುವುದೂ ಉಂಟು. ಸುಲಭದ ಚೆಂಡನ್ನು ಬೇಕೆಂದೇ ತಪ್ಪಿಸಿ, ಎರಡು ಸರದಿಗಳಲ್ಲಿ ಮುಗಿಯುವ ಆಟವನ್ನು ಆರು ಸರದಿಗಳಿಗೆ ಎಳೆದು, ದರ್ಜೆಯನ್ನು ಕೆಳಗಿರಿಸಿಕೊಂಡು, ಬಹುಮಾನದ ಪಂದ್ಯದ ದಿನ ನಿಜವಾದ ಆಟ ತೋರಿಸುವವರು ಇದ್ದಾರೆ. ಅಮೆರಿಕದವರು ಇದನ್ನು ಸ್ಯಾಂಡ್‌ಬ್ಯಾಗಿಂಗ್ ಎನ್ನುತ್ತಾರೆ. ನಾವು ಬಡತನದ ವೇಷ ಎನ್ನಬಹುದು. ಇಲ್ಲಿ ನಿಜವಾಗಿ ಮೋಸಹೋಗುವವನು ಬಲಿಷ್ಠನಲ್ಲ. ಅದೇ ದರ್ಜೆಯಲ್ಲಿ ಪ್ರಾಮಾಣಿಕವಾಗಿ ಆಡುವ ದುರ್ಬಲ. ಅವನಿಗೆಂದು ಇಟ್ಟ ಮುನ್ನಡೆಯನ್ನು ಬೇರೆಯವನು ಕೊಂಡೊಯ್ಯುತ್ತಾನೆ.

ಇದಕ್ಕೆ ಹಲವು ಮದ್ದುಗಳಿವೆ. ಬೇಕೆಂದೇ ತಪ್ಪಿಸಿದ ಹೊಡೆತವನ್ನು ರಕ್ಷಣಾತ್ಮಕ ಹೊಡೆತವೆಂದು ಗುರುತು ಹಾಕಿದರೆ ಎಳೆದ ಸರದಿಯು ಲೆಕ್ಕಕ್ಕೆ ಬರುವುದಿಲ್ಲ. ನಾರ್ತ್ ಡಕೋಟ ರಾಜ್ಯದ ಫಾರ್ಗೋ ನಗರದ ಮೈಕ್ ಪೇಜ್ ರೂಪಿಸಿದ ಫಾರ್ಗೋ ರೇಟ್ ಪದ್ಧತಿಯು ಸರದಿಗಳನ್ನು ನೋಡುವುದೇ ಇಲ್ಲ. ಯಾರ ವಿರುದ್ಧ ಎಷ್ಟು ಆಟ ಗೆದ್ದಿರಿ, ಸೋತಿರಿ ಎಂಬುದನ್ನಷ್ಟೇ ನೋಡುತ್ತದೆ. ಅಲ್ಲಿ 100 ಅಂಕಗಳ ಅಂತರವೆಂದರೆ ಬಲಿಷ್ಠನು 2 ಗೆದ್ದರೆ ಇನ್ನೊಬ್ಬನು 1 ಗೆಲ್ಲುತ್ತಾನೆಂದು ಅರ್ಥ. 200 ಅಂಕಗಳಾದರೆ 4ಕ್ಕೆ 1. ದರ್ಜೆ ಇಳಿಸಿಕೊಳ್ಳಬೇಕಾದರೆ ಆಟಗಳನ್ನೇ ಸೋಲಬೇಕು. 2020ರಲ್ಲಿ ಜಾರಿಗೆ ಬಂದ ಗಾಲ್ಫ್‌ನ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯು ಕೊನೆಯ 20 ಸುತ್ತುಗಳಲ್ಲಿ ಉತ್ತಮವಾದ 8ನ್ನು ಮಾತ್ರ ಪರಿಗಣಿಸುತ್ತದೆ. ಬೇಕೆಂದೇ ಕೆಟ್ಟದಾಗಿ ಆಡಿದ ಸುತ್ತುಗಳು ಬಹುಪಾಲು ತಾವಾಗಿಯೇ ಉದುರಿಹೋಗುತ್ತವೆ. ಅಲ್ಲದೆ, ಒಂದು ವರ್ಷದೊಳಗಿನ ಅತಿ ಕಡಮೆ ಸೂಚ್ಯಂಕಕ್ಕಿಂತ 5ಕ್ಕೂ ಹೆಚ್ಚು ಏರಿಕೆಯನ್ನು ಅದು ಬಿಡುವುದಿಲ್ಲ. ಒಬ್ಬನು ಒಮ್ಮೆ ತೋರಿಸಿದ ಸಾಮರ್ಥ್ಯವನ್ನು ಲೆಕ್ಕದ ಪುಸ್ತಕ ಮರೆಯಬಾರದು ಎಂಬುದು ಇದರ ಹಿಂದಿನ ವಿವೇಕ.

ಮದ್ದಿಲ್ಲದ ಒಂದು ಕಷ್ಟವೂ ಇದೆ. ಮೊತ್ತ 23ರ ನಿಯಮದಲ್ಲಿ ಎಲ್ಲರೂ ಪ್ರಾಮಾಣಿಕವಾಗಿ ಕಲಿತು ಒಂದೊಂದು ದರ್ಜೆ ಏರಿದರೆ, ತಂಡವು ತನ್ನವರೆಲ್ಲರನ್ನೂ ಒಟ್ಟಿಗೆ ಆಡಿಸಲಾಗದು. ಒಟ್ಟಿಗೆ ಬೆಳೆದ ಗೆಳೆಯರು ಬೇರೆಯಾಗಬೇಕು. ಹೊಸ ತಂಡಗಳು ಹುಟ್ಟುವುದು ಹೀಗೆಯೇ ಎಂದು ಸಮರ್ಥಿಸುವವರಿದ್ದಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಬೆಳೆದುದಕ್ಕೆ ಬೆಲೆ ತೆರಬೇಕಾದಾಗ, ಬೆಳೆಯದಿರುವುದೇ ಲೇಸೆಂಬ ಯೋಚನೆಯು ಮನುಷ್ಯನಿಗೆ ಬಂದೇ ಬರುತ್ತದೆ. ನಮ್ಮ ಮನೆಯ ಮಾತು ಆರಂಭವಾಗುವುದು ಇಲ್ಲಿಂದಲೇ.

ನಮ್ಮ ಮುನ್ನಡೆಗಳು

ಸಣ್ಣ ಉದ್ದಿಮೆಗಳಿಗೆ ಸರ್ಕಾರವು ಕೊಟ್ಟ ಮುನ್ನಡೆಗಳು ಹ್ಯಾಂಡಿಕ್ಯಾಪ್ ಅಲ್ಲದೆ ಮತ್ತೇನು? 1967ರಲ್ಲಿ 47 ವಸ್ತುಗಳಿಂದ ಆರಂಭವಾದ ಸಣ್ಣ ಕೈಗಾರಿಕಾ ಮೀಸಲು ಪಟ್ಟಿಯು ಎಂಟುನೂರನ್ನು ಮೀರಿ ಬೆಳೆಯಿತು. ಕೊನೆಯ 20 ವಸ್ತುಗಳನ್ನು 2015ರಲ್ಲಿ ಕೈಬಿಡಲಾಯಿತು. ಸ್ಪರ್ಧೆಯಿಂದ ರಕ್ಷಣೆ ದೊರೆಯಿತು, ನಿಜ. ಆದರೆ ಯಂತ್ರೋಪಕರಣದ ಮೇಲಿನ ಹೂಡಿಕೆಯ ಮಿತಿ ದಾಟಿದೊಡನೆ ಆ ರಕ್ಷಣೆಯೂ ತಪ್ಪುತ್ತಿತ್ತು. ಹೀಗಾಗಿ ಒಳ್ಳೆಯ ಯಂತ್ರ ಕೊಳ್ಳುವುದೇ ಅಪಾಯವೆನಿಸಿತು.

2012ರ ಸಾರ್ವಜನಿಕ ಖರೀದಿ ನೀತಿ ಇದಕ್ಕಿಂತ ಉತ್ತಮವಾದುದು. ಕೇಂದ್ರ ಸರ್ಕಾರದ ಇಲಾಖೆಗಳ ಮತ್ತು ಉದ್ಯಮಗಳ ಟೆಂಡರಿನಲ್ಲಿ ಅತಿ ಕಡಮೆ ದರ ಕೂಗಿದವರು ದೊಡ್ಡ ಸಂಸ್ಥೆಯಾಗಿದ್ದು, ಆ ದರಕ್ಕಿಂತ ಶೇ. 15ರೊಳಗೆ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯು ದರ ಕೂಗಿದ್ದರೆ, ತನ್ನ ದರವನ್ನು ಅದಕ್ಕೆ ಸಮನಾಗಿ ಇಳಿಸಿ ಒಂದು ಪಾಲನ್ನು ಪೂರೈಸುವ ಅವಕಾಶ ಅದಕ್ಕೆ ದೊರೆಯುತ್ತದೆ. ಕಡ್ಡಾಯ ಖರೀದಿಯ ಪ್ರಮಾಣವನ್ನು 2018ರಲ್ಲಿ ಶೇ. 20ರಿಂದ ಶೇ. 25ಕ್ಕೆ ಏರಿಸಲಾಯಿತು. ಇಲ್ಲಿ ಚೆಂಡನ್ನು ಗುಳಿಗೆ ಕೆಡಹುವ ಕೆಲಸ ಸಣ್ಣ ಉದ್ದಿಮೆಯದೇ. ಸರ್ಕಾರವು ಮೇಜಿನ ಬಳಿ ನಿಲ್ಲಲು ಸ್ಥಳವನ್ನಷ್ಟೇ ಕೊಡುತ್ತದೆ.

ದರ್ಜೆಯ ವ್ಯಾಖ್ಯೆಯೂ ಬದಲಾಗಿದೆ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣದಲ್ಲಿ 25 ಕೋಟಿ ರೂಪಾಯಿ ಹೂಡಿಕೆ ಮತ್ತು 100 ಕೋಟಿ ವಹಿವಾಟಿನವರೆಗಿನದು ಸಣ್ಣ ಉದ್ದಿಮೆ. ಒಂದೇ ಪ್ಯಾನ್ ಸಂಖ್ಯೆಯಡಿಯ ಘಟಕಗಳನ್ನೆಲ್ಲ ಒಂದೇ ಉದ್ದಿಮೆಯೆಂದು ಪರಿಗಣಿಸುವ ನಿಯಮವಿದೆ. ಇದು ಬಡತನದ ವೇಷಕ್ಕೆ ಹಾಕಿದ ತಡೆ. ಮೇಲಿನ ದರ್ಜೆಗೆ ಏರಿದ ಉದ್ದಿಮೆಗೆ ತೆರಿಗೆಯೇತರ ಸೌಲಭ್ಯಗಳು ಮೂರು ವರ್ಷ ಮುಂದುವರಿಯುವಂತೆ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಬಿದ್ದಿತು. ಬೆಳೆದವನನ್ನು ಮರುದಿನವೇ ದಂಡಿಸಬಾರದು ಎಂಬ ಅರಿವು ಇದರಲ್ಲಿದೆ.

ಒಂದು ನಿವೇದನೆ

ಈಗ ನನ್ನ ಸ್ವಂತದ ಮಾತು. 2008ರ ಸುಮಾರಿಗೆ ನನ್ನ ಕಕ್ಷಿದಾರರೊಬ್ಬರು ಲೋಹದ ಬಿಡಿಭಾಗಗಳ ಘಟಕ ನಡೆಸುತ್ತಿದ್ದರು. ಆಗ ಸಣ್ಣ ಘಟಕಗಳಿಗೆ ವರ್ಷಕ್ಕೆ 1.5 ಕೋಟಿ ರೂಪಾಯಿವರೆಗಿನ ಸರಕಿಗೆ ಕೇಂದ್ರ ಅಬಕಾರಿ ಸುಂಕದ ವಿನಾಯಿತಿ ಇತ್ತು. ಅವರು ಆ ಗಡಿಯ ಹತ್ತಿರ ಬಂದು ನನ್ನ ಸಲಹೆ ಕೇಳಿದರು. ಸೋದರನ ಪತ್ನಿಯ ಹೆಸರಿನಲ್ಲಿ ಬೇರೊಂದು ಘಟಕ, ಬೇರೆ ಬಂಡವಾಳ, ಬೇರೆ ಯಂತ್ರ, ಬೇರೆ ವಿದ್ಯುತ್ ಸಂಪರ್ಕ ಇವೆಲ್ಲದರ ರೂಪರೇಷೆಯನ್ನು ಹಾಕಿಕೊಟ್ಟವನು ನಾನೇ. ಕಾನೂನಿನ ಅಕ್ಷರಕ್ಕೆ ಅದು ವಿರುದ್ಧವಾಗಿರಲಿಲ್ಲ. ಅಂದು ನನಗೆ ಹೆಮ್ಮೆಯೇ ಆಗಿತ್ತು. ಅವರು ಹಬ್ಬಕ್ಕೆ ಸಿಹಿಯನ್ನೂ ಕಳುಹಿಸಿದರು.

ಅನಂತರ ನಡೆದುದನ್ನು ಲೆಕ್ಕದ ಪುಸ್ತಕದಲ್ಲಿ ವರ್ಷವರ್ಷವೂ ನಾನೇ ಕಂಡೆ. ಪ್ರತಿ ಜನವರಿಯಲ್ಲಿ ಎರಡೂ ಘಟಕಗಳ ವಹಿವಾಟು ಗಡಿಯ ಸಮೀಪಕ್ಕೆ ಬರುವುದು. ಫೆಬ್ರವರಿ, ಮಾರ್ಚ್ ತಿಂಗಳುಗಳ ಆದೇಶಗಳನ್ನು ಅವರು ನಯವಾಗಿ ತಿರಸ್ಕರಿಸುವುದು. ಕಂಪ್ಯೂಟರ್ ನಿಯಂತ್ರಿತ ಯಂತ್ರವನ್ನು ಕೊಳ್ಳುವ ಶಕ್ತಿಯಿದ್ದರೂ ಅಷ್ಟು ಉತ್ಪಾದನೆ ಬೇಡವೆಂದು ಕೊಳ್ಳಲಿಲ್ಲ. ಅದೇ ಕೈಗಾರಿಕಾ ವಸಾಹತಿನ ಇನ್ನೊಂದು ಘಟಕದವರು ಗಡಿ ದಾಟಿ, ಸುಂಕ ಕಟ್ಟಿ, ಯಂತ್ರ ತಂದು, ದೊಡ್ಡ ಖರೀದಿದಾರರನ್ನು ಹಿಡಿದರು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಅಬಕಾರಿ ಸುಂಕದ ಆ ವಿನಾಯಿತಿ ಇಲ್ಲವಾಯಿತು. ನನ್ನ ಕಕ್ಷಿದಾರರ ಬಳಿ ಉಳಿದುದು ಹಳೆಯ ಯಂತ್ರಗಳ ಎರಡು ಸಣ್ಣ ಘಟಕಗಳು, ಎರಡು ಪಟ್ಟು ಲೆಕ್ಕಪತ್ರ, ಹತ್ತು ವರ್ಷ ಬೇಡವೆಂದ ಆದೇಶಗಳ ನೆನಪು. ಮೂರು ವರ್ಷಗಳ ನಂತರ ಒಂದು ಘಟಕವನ್ನು ಮುಚ್ಚಿದರು.

ಅವರು ನನ್ನನ್ನು ಒಮ್ಮೆಯೂ ದೂರಲಿಲ್ಲ. ಆದರೆ ಮಿಸ್ಸೌರಿಯ ಆ ಸಂಜೆ, ಸುಲಭದ ಚೆಂಡನ್ನು ಬೇಕೆಂದೇ ತಪ್ಪಿಸುವವರ ವಿಷಯವನ್ನು ಅಳಿಯಂದಿರು ಹೇಳುತ್ತಿರುವಾಗ ನನಗೆ ನೆನಪಾದುದು ಅವರೇ. ವರ್ಷಗಟ್ಟಲೆ ತಪ್ಪಿಸುತ್ತ ಬಂದ ಕೈಗೆ, ಬೇಕಾದ ದಿನ ಸರಿಯಾದ ಹೊಡೆತ ಬರುವುದಿಲ್ಲ. ನಾನು ಉಳಿಸಿಕೊಟ್ಟದ್ದು ಸುಂಕವನ್ನು. ಕಳೆದದ್ದು ಅವರ ಬೆಳವಣಿಗೆಯನ್ನು. ಈ ಎರಡನೆಯ ಅಂಕಿಯು ಯಾವ ಆಸ್ತಿ ಹೊಣೆ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ.

ನಾಲ್ಕು ಸಲಹೆಗಳು

ಯಾವುದೇ ಮುನ್ನಡೆಯು ನ್ಯಾಯವಾಗಿರಬೇಕಾದರೆ ನಾಲ್ಕು ಗುಣಗಳಿರಬೇಕೆಂದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಅದು ದಾಖಲೆಯನ್ನು ಆಧರಿಸಿರಬೇಕು, ಹೇಳಿಕೆಯನ್ನಲ್ಲ. ನಾನು ಸಣ್ಣವನು ಎಂಬ ಮಾತಿಗಿಂತ ರಿಟರ್ನ್‌ನ ಅಂಕಿಯು ಹೆಚ್ಚು ನಂಬತಕ್ಕದ್ದು.

ಎರಡನೆಯದಾಗಿ, ಅಳತೆಯ ಸೂತ್ರವು ಎಲ್ಲರಿಗೂ ತಿಳಿದಿರಬೇಕು. ಸೂತ್ರ ಗುಟ್ಟಾಗಿದ್ದರೆ ಮೋಸಗಾರನಿಗೆ ಕಷ್ಟವೆಂಬುದು ನಿಜ. ಆದರೆ ಪ್ರಾಮಾಣಿಕನಿಗೆ ಸಂಶಯ ಬರುತ್ತದೆ, ಆ ಸಂಶಯವು ಲೀಗನ್ನೂ ಪೇಟೆಯನ್ನೂ ಒಳಗಿನಿಂದಲೇ ತಿನ್ನುತ್ತದೆ.

ಮೂರನೆಯದಾಗಿ, ಮುನ್ನಡೆಯು ಮೆಟ್ಟಿಲಿನಂತೆ ಇಳಿಯಬೇಕೇ ಹೊರತು ಬಾವಿಯ ಅಂಚಿನಂತಿರಬಾರದು. ಪೂಲ್ ದರ್ಜೆಯು ಒಂದೊಂದಾಗಿ ಏರುತ್ತದೆ, ಹೊರೆಯೂ ಒಂದೊಂದಾಗಿ ಏರುತ್ತದೆ. ಜಿಎಸ್‌ಟಿ ರಾಜಿ ತೆರಿಗೆ ಯೋಜನೆಗೆ 2019ರಲ್ಲಿ ನಿಗದಿಯಾದ 1.5 ಕೋಟಿಯಂತಹ ಗಡಿಯನ್ನು ಒಂದು ರೂಪಾಯಿ ದಾಟಿದವನೂ ಒಂದು ಕೋಟಿ ದಾಟಿದವನೂ ಸಮನಾಗಿ ಹೊರಬೀಳುತ್ತಾರೆ. ಬೆಳೆದವರಿಗೆ ಮೂರು ವರ್ಷಗಳ ಅವಧಿ ಕೊಟ್ಟ 2022ರ ವಿವೇಕವನ್ನು ತೆರಿಗೆಯ ಗಡಿಗಳಿಗೂ ವಿಸ್ತರಿಸಬೇಕೆಂದು ನಮ್ಮ ವಾಣಿಜ್ಯ ಸಂಸ್ಥೆಯು ಬಜೆಟ್ ಪೂರ್ವ ಮನವಿಯಲ್ಲಿ ಕೇಳುವುದು ಯುಕ್ತ.

ನಾಲ್ಕನೆಯದಾಗಿ, ಮುನ್ನಡೆಗೆ ಒಂದು ಕೊನೆ ಇರಬೇಕು. ಕಲಿಯಲೆಂದು ಕೊಟ್ಟ ಮುನ್ನಡೆಯು ಕಲಿಯದಿರಲು ನೆಪವಾಗಬಾರದು.

ಸರ್ಕಾರಕ್ಕೆ ಹೇಳುವುದು ಇಷ್ಟಾದರೆ, ನಮಗೆ ನಾವೇ ಹೇಳಿಕೊಳ್ಳಬೇಕಾದುದು ಇನ್ನೊಂದಿದೆ. ಪ್ರತಿ ಮಾರ್ಚ್‌ನಲ್ಲಿ ಗಡಿಯೊಳಗೆ ಹೇಗೆ ಉಳಿಯಬೇಕೆಂದು ಕೇಳಲು ಅನೇಕ ಸದಸ್ಯರು ನಮ್ಮ ಕಚೇರಿಗೆ ಬರುತ್ತಾರೆ. ಇತ್ತೀಚೆಗೆ ಅಂತಹವರ ಮುಂದೆ ನಾನು ಎರಡು ಹಾಳೆಗಳನ್ನಿಡುತ್ತೇನೆ. ಒಂದರಲ್ಲಿ ಗಡಿಯೊಳಗೆ ಉಳಿದರೆ ಈ ವರ್ಷ ಉಳಿಯುವ ತೆರಿಗೆ. ಇನ್ನೊಂದರಲ್ಲಿ ಗಡಿ ದಾಟಿದರೆ ಐದು ವರ್ಷಗಳಲ್ಲಿ ಬರಬಹುದಾದ ವಹಿವಾಟು, ಹೊಸ ಯಂತ್ರದ ಕಂತು, ಖರೀದಿದಾರರಿಗೆ ದೊರೆಯುವ ಹೂಡುವಳಿ ತೆರಿಗೆ ಜಮೆ. ನಿರ್ಧಾರ ಅವರದು. ಮೊದಲ ಹಾಳೆಯನ್ನೇ ಆರಿಸಿಕೊಂಡು ಹೋಗುವವರೂ ಇದ್ದಾರೆ. ಕೆಲವರ ಸಂದರ್ಭದಲ್ಲಿ ಅದೇ ಸರಿಯಾದ ನಿರ್ಧಾರವೂ ಹೌದು. ಆದರೆ 2008ರಲ್ಲಿ ನಾನು ಎರಡನೆಯ ಹಾಳೆಯನ್ನು ಬರೆಯಲೇ ಇಲ್ಲ.

ಅಳಿಯಂದಿರು ಮೊನ್ನೆ ದೂರವಾಣಿಯಲ್ಲಿ ತಿಳಿಸಿದರು: ಆ ಶಿಕ್ಷಕಿಯ ದರ್ಜೆ ಈಗ 4ಕ್ಕೆ ಏರಿದೆಯಂತೆ. ಅವರಿಗೆ ಸಿಗುತ್ತಿದ್ದ ಮುನ್ನಡೆ ಕಡಮೆಯಾಗಿದೆ, ಗೆಲುವುಗಳೂ ಸ್ವಲ್ಪ ಕಡಮೆಯಾಗಿವೆ. ಆದರೂ ಪ್ರತಿ ವಾರ ತಪ್ಪದೆ ಬರುತ್ತಾರಂತೆ.